ನಿಮಗಿದು ಗೊತ್ತೇ? ಮೂಲೆಗೆ ಬಿದ್ದ ಟೇಪುಗಳಿಂದ ಎದ್ದುಬಂದ ಹಾಡುಗಳು!

ಆಲ್ಬಮ್ಮಿಗೆ ಬೇಡ ಅಂತ ಪಕ್ಕಕ್ಕಿಟ್ಟ ಹಾಡುಗಳನ್ನೇ ಗುಡ್ಡೆ ಹಾಕಿ ಇನ್ನೊಂದು ಆಲ್ಬಮ್ ಮಾಡಿದರೆ ಯಾರಾದರೂ ಕೊಳ್ಳುತ್ತಾರಾ? ಕೊಂಡರು ಸ್ವಾಮಿ! ನ್ಯೂಯಾರ್ಕಿನ ರ‍್ಯಾಪರ್ ನಾಸ್ 2002ರ ಸೆಪ್ಟೆಂಬರ್‌ನಲ್ಲಿ ಇಂಥದ್ದೊಂದು ಸಂಗ್ರಹ ತಂದ. ಹೆಸರು ‘ದಿ ಲಾಸ್ಟ್ ಟೇಪ್ಸ್’, ಅಂದರೆ ಕಳೆದುಹೋದ ಟೇಪುಗಳು. ಮೊದಲ ವಾರವೇ 70 ಸಾವಿರಕ್ಕೂ ಹೆಚ್ಚು ಪ್ರತಿ ಖರ್ಚಾದವು!

ಅದೂ ಹೇಗೆ? ಒಂದು ವಿಡಿಯೊ ಇಲ್ಲ. ರೇಡಿಯೊದಲ್ಲಿ ಮೊದಲೇ ಹರಿಬಿಟ್ಟ ಹಾಡಿಲ್ಲ. ಅತಿಥಿಯಾಗಿ ಬಂದು ಎರಡು ಸಾಲು ಹಾಡಿ ಹೋಗುವ ದೊಡ್ಡ ಹೆಸರೂ ಇಲ್ಲ. ಆದರೂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರವಾಗಿ 10ನೇ ಮೆಟ್ಟಿಲಿಗೇ ಬಂದು ಕೂತಿತು. ಮದುವೆಗೆ ಕರೆಯದಿದ್ದರೂ ಬಂದು ಮೊದಲ ಪಂಕ್ತಿಯಲ್ಲೇ ಎಲೆ ಹಿಡಿದ ಹಾಗೆ!

ಸಿಡಿಯ ಹಿಂಬದಿ ಓದಿದರೆ 11 ಹಾಡು. ಒಳಗಿರುವುದು 12! ಹನ್ನೆರಡನೆಯದು ಬಚ್ಚಿಟ್ಟುಕೊಂಡು ಕೂತಿದೆ. ಅದೇನು ಅಂತ ಈಗಲೇ ಹೇಳುವುದಿಲ್ಲ. ಕೊನೆಯವರೆಗೆ ಓದಿ, ಸಿಗುತ್ತದೆ.

ಈ ಹಾಡುಗಳು ಮೊದಲು ಯಾಕೆ ಬರಲಿಲ್ಲ? ಕೆಲವಕ್ಕೆ ಕಾರಣ ಕಳ್ಳತನ. ನಾಸ್ 1999ರಲ್ಲಿ ತರಬೇಕೆಂದಿದ್ದದ್ದು ತನ್ನ ಆತ್ಮಕಥೆಯಂಥ ಎರಡು ಸಿಡಿಗಳ ಆಲ್ಬಮ್. ಅದು ಬರುವ ಮೊದಲೇ ಹಾಡುಗಳು ಎಂಪಿ3 ಆಗಿ ಇಂಟರ್‌ನೆಟ್ಟಿಗೆ ಸೋರಿಹೋದವು! ಸರಿ, ಸೋರಿದ್ದನ್ನು ಬಿಟ್ಟು, ಹೊಸದಾಗಿ ಕೆಲವು ಹಾಡು ಬರೆದು, ‘ಐ ಆಮ್...’ ಅಂತ ಒಂದೇ ಸಿಡಿ ಮಾಡಿ ಏಪ್ರಿಲ್‌ನಲ್ಲಿ ಬಿಟ್ಟ.

ಇಲ್ಲೊಂದು ತಮಾಷೆ ಗಮನಿಸಿ. ಪುಕ್ಕಟೆ ಹಾಡಿನ ಕಳ್ಳಸಂತೆ ಅಂತ ಲೋಕವೆಲ್ಲ ಬೈದ ನ್ಯಾಪ್‌ಸ್ಟರ್ ಶುರುವಾದದ್ದು ಅದೇ ವರ್ಷ ಜೂನ್‌ನಲ್ಲಿ. ಅಂದರೆ ನಾಸ್‌ನ ಹಾಡು ಕದ್ದವರು ನ್ಯಾಪ್‌ಸ್ಟರ್‌ಗಿಂತ ಮೊದಲೇ ಕೆಲಸ ಮುಗಿಸಿದ್ದರು!

ಆಗ ಕದ್ದ ಹಾಡನ್ನು ಕೇಳುವುದೂ ಒಂದು ತಪಸ್ಸೇ. ಟೆಲಿಫೋನ್ ತಂತಿಯ ಇಂಟರ್‌ನೆಟ್ಟು, ನಾಲ್ಕು ಎಂಬಿಯ ಒಂದು ಹಾಡು. ಎಲ್ಲ ಸರಿಯಿದ್ದರೂ ಇಳಿಸಲು ಹತ್ತು ನಿಮಿಷ. ಒಂಬತ್ತನೇ ನಿಮಿಷದಲ್ಲಿ ಮನೆಯವರು ಯಾರಾದರೂ ಫೋನ್ ಎತ್ತಿದರೋ, ಮತ್ತೆ ಮೊದಲಿಂದ!

ಹಾಡುಗಳು ಕಳುವಾಗುತ್ತಿದ್ದದ್ದು ಎಲ್ಲಿಂದ ಗೊತ್ತಾ? ಒಂದು ದೊಡ್ಡ ದಾರಿ ಅಮೆರಿಕದ ನಾರ್ತ್ ಕೆರೊಲಿನಾದ ಸಿಡಿ ಕಾರ್ಖಾನೆ. ಕೆಲಸ ಬಿಟ್ಟು ಹೊರಡುವಾಗ ಗೇಟಿನಲ್ಲಿ ಲೋಹ ಪತ್ತೆ ಮಾಡುವ ಕೋಲು ಹಿಡಿದು ಕೆಲವರನ್ನು ತಡವುತ್ತಿದ್ದರು. ಅದಕ್ಕೆ ನೌಕರರು ಕಂಡುಕೊಂಡ ಉಪಾಯ ನೋಡಿ: ತಟ್ಟೆಯಷ್ಟು ಅಗಲದ ಬೆಲ್ಟ್ ಬಕಲ್! ಸಿಡಿ ಅದರ ಹಿಂದೆ. ಕೋಲು ಕೂಗಿದರೆ ‘ಬಕಲ್ ಸಾರ್’ ಅಂದರಾಯಿತು. ಆ ಕಾರ್ಖಾನೆಯ ಒಬ್ಬನೇ ನೌಕರನಿಂದ ಹೊರಬಿದ್ದ ಆಲ್ಬಮ್ಮುಗಳು ಸುಮಾರು ಎರಡು ಸಾವಿರ!

ಈ ನಾಸ್ ಹುಟ್ಟಿದ ಘಳಿಗೆಯೂ ಭಲೇ ಘಳಿಗೆ. ಹಿಪ್‌ಹಾಪ್ ಹುಟ್ಟಿದ್ದು 1973ರ ಆಗಸ್ಟ್ 11ರಂದು ಅಂತ ಎಲ್ಲರೂ ಒಪ್ಪಿಕೊಂಡಿದ್ದಾರೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್‌ನ ತಂಗಿ ಶಾಲೆ ಶುರುವಾಗುವ ಮುಂಚೆ ಒಂದು ಪಾರ್ಟಿ ಮಾಡಿದಳು. ಅಣ್ಣ ರೆಕಾರ್ಡ್ ತಿರುಗಿಸಿದ. ಅಷ್ಟೇ! ನಾಸ್ ಹುಟ್ಟಿದ್ದು ಅದೇ ವರ್ಷ ಸೆಪ್ಟೆಂಬರ್ 14ಕ್ಕೆ. ಹಿಪ್‌ಹಾಪ್ ಇವನಿಗಿಂತ ಒಂದೇ ತಿಂಗಳು ದೊಡ್ಡದು!

ಬೆಳೆದದ್ದು ಕ್ವೀನ್ಸ್‌ಬ್ರಿಜ್‌ನ ಸರ್ಕಾರಿ ವಸತಿಯಲ್ಲಿ. ಒಂದೇ ಕಡೆ 96 ಕಟ್ಟಡ, ಮೂರು ಸಾವಿರಕ್ಕೂ ಮಿಕ್ಕಿ ಮನೆ. ಶಾಲೆ ಬಿಟ್ಟದ್ದು ಎಂಟನೇ ತರಗತಿಯ ಹೊತ್ತಿಗೆ. ಮುಂದೆ? 2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇವನ ಹೆಸರಿನಲ್ಲೇ ಹಿಪ್‌ಹಾಪ್ ಅಧ್ಯಯನಕ್ಕೊಂದು ಫೆಲೋಶಿಪ್ ಶುರುವಾಯಿತು! ಎಂಟನೇ ಕ್ಲಾಸಿನವನ ಹೆಸರಲ್ಲಿ ಈಗ ಡಾಕ್ಟರೇಟ್ ಮಾಡಿದವರೂ ಫೆಲೋಗಳು.

‘ಲಾಸ್ಟ್ ಟೇಪ್ಸ್‌’ನ ಕೊನೆಯಲ್ಲಿ ‘ಪಾಪಾ ವಾಸ್ ಎ ಪ್ಲೇಯಾ’ ಅಂತ ಒಂದು ಹಾಡಿದೆ. ಪಾಪಾ ಅಂದರೆ ನಿಜವಾದ ಅಪ್ಪನೇ, ಜಾಝ್ ವಾದಕ ಓಲು ದಾರಾ. ಕಾರ್ನೆಟ್ ನುಡಿಸುತ್ತ ಊರೂರು ತಿರುಗಿದ ಅಪ್ಪನ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಮಗ ಹಾಡಿನಲ್ಲಿ ಬಿಡಿಸಿಟ್ಟಿದ್ದಾನೆ. ಅಪ್ಪ ಸಿಟ್ಟು ಮಾಡಿಕೊಂಡನಾ? ಇಲ್ಲ! ಎರಡು ವರ್ಷ ಕಳೆದು 2004ರಲ್ಲಿ ಅಪ್ಪ ಮಗ ಇಬ್ಬರೂ ಸೇರಿ ‘ಬ್ರಿಜಿಂಗ್ ದ ಗ್ಯಾಪ್’ ಹಾಡಿದರು!

ಅಪ್ಪನ ಮೇಲಿನ ಆ ಹಾಡಿಗೆ ಬೀಟ್ ಕಟ್ಟಿದ ಇಬ್ಬರಲ್ಲಿ ಒಬ್ಬ ಯಾರು ಗೊತ್ತೇ? ಕಾನ್ಯೆ ವೆಸ್ಟ್! ಆಗಿನ್ನೂ ಅವನ ಹೆಸರಲ್ಲಿ ಒಂದು ಆಲ್ಬಮ್ಮೂ ಇರಲಿಲ್ಲ. ಇನ್ನೂ ಮಜಾ ಮುಂದಿದೆ. 2001ರಲ್ಲಿ ಇನ್ನೊಬ್ಬ ರ‍್ಯಾಪರ್ ಜೇ-ಝೀ ನಾಸ್‌ನನ್ನು ಹೀನಾಮಾನ ಬೈದು ‘ಟೇಕೋವರ್’ ಹಾಡಿದನಲ್ಲ, ಅದರ ಬೀಟ್ ಕೂಡ ಇದೇ ಕಾನ್ಯೆಯದ್ದು! 2018ರಲ್ಲಿ ನಾಸ್‌ನ ಇಡೀ ಆಲ್ಬಮ್ ‘ನಾಸಿರ್’ ಮಾಡಿಕೊಟ್ಟವನೂ ಅವನೇ. ಜಗಳದಲ್ಲೂ ಇದ್ದ, ರಾಜಿಯಲ್ಲೂ ಇದ್ದ!

ನಾಸ್‌ಗೆ ಕಥೆ ಹೇಳುವ ಹುಚ್ಚು. ಒಂದು ಹಾಡನ್ನು ಪೂರ್ತಿ ಪಿಸ್ತೂಲಿನ ಬಾಯಿಂದಲೇ ಹೇಳಿಸಿದ್ದಾನೆ. ‘ನನ್ನನ್ನು ಹೀಗೆಲ್ಲ ಬಳಸುತ್ತಾರಲ್ಲ’ ಅಂತ ಪಿಸ್ತೂಲೇ ಗೋಳಾಡುತ್ತದೆ! ಇನ್ನೊಂದು ಹಾಡಿನಲ್ಲಿ ಕಥೆ ಕೊನೆಯಿಂದ ಶುರುವಾಗಿ ಮೊದಲಿಗೆ ಬಂದು ನಿಲ್ಲುತ್ತದೆ. ಗುಂಡು ಮೈಯಿಂದ ಹೊರಟು ಬಂದೂಕಿಗೆ ವಾಪಸ್ಸು! ಹೆಸರು ‘ರಿವೈಂಡ್’. ಕ್ಯಾಸೆಟ್ ಕಾಲದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕ್ಯಾಸೆಟ್ ಅಂದಾಗ ನೆನಪಾಯಿತು. ನಮ್ಮನೆಯಲ್ಲಿ ಒಂದು ಕ್ಯಾಸೆಟ್ಟಿತ್ತು. ಅದರ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡು ಮುರಿದಿದ್ದರೆ ಮತ್ತೆ ರೆಕಾರ್ಡ್ ಆಗುವುದಿಲ್ಲ, ನಿಮಗೆ ಗೊತ್ತು. ನಾನು ಆ ತೂತಿಗೆ ಕಾಗದ ಉಂಡೆ ತುರುಕಿ, ಮೇಲೆ ಸೆಲೋ ಟೇಪ್ ಅಂಟಿಸಿ, ಅಜ್ಜಿಯ ದೇವರನಾಮದ ಮೇಲೆ ಕ್ರಿಕೆಟ್ ಕಾಮೆಂಟರಿ ತುಂಬಿಸಿಬಿಟ್ಟಿದ್ದೆ. ಅದೂ ಒಂದು ಲಾಸ್ಟ್ ಟೇಪೇ! ಅಜ್ಜಿ ಇವತ್ತಿಗೂ ಅದನ್ನು ಮರೆತಿಲ್ಲ.

ಸ್ಟುಡಿಯೊದ ಟೇಪು ನಮ್ಮ ಕ್ಯಾಸೆಟ್ಟಿನಂತಲ್ಲ. ಎರಡು ಇಂಚು ಅಗಲ, 2500 ಅಡಿ ಉದ್ದ. ಸೆಕೆಂಡಿಗೆ 30 ಇಂಚಿನ ಓಟ. ಲೆಕ್ಕ ಹಾಕಿ: ಅಷ್ಟುದ್ದದ ಒಂದು ಸುರುಳಿಯಲ್ಲಿ ಹಿಡಿಸುವುದು ಬರೀ 16 ನಿಮಿಷ ಚಿಲ್ಲರೆ! ನಾಲ್ಕು ಹಾಡಿಗೆ ಒಂದು ಸುರುಳಿ ಮುಗಿಯಿತು.

ಹಳೆಯ ಟೇಪನ್ನು ಓವನ್ನಿನಲ್ಲಿಟ್ಟು ಬೇಯಿಸುತ್ತಾರೆ ಅಂದರೆ ನಗುತ್ತೀರಾ? ನಿಜ! 1970-80ರ ದಶಕದ ಎಷ್ಟೋ ಟೇಪುಗಳಲ್ಲಿ ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಟೇಪು ಕಿರುಗುಟ್ಟುತ್ತದೆ, ಪುಡಿ ಉದುರುತ್ತದೆ, ಹಾಡು ಮಾಯ! ಅದಕ್ಕೇ ಸುಮಾರು 54 ಡಿಗ್ರಿ ಸೆಲ್ಸಿಯಸ್ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ತಂಪು ಹಿಡಿದ ಹಪ್ಪಳವನ್ನು ಬಿಸಿಲಿಗೆ ಹರವಿದ ಹಾಗೆ. ಆಮೇಲೆ ಕೆಲವು ದಿನ ಟೇಪು ಚೆನ್ನಾಗಿ ಹಾಡುತ್ತದೆ. ಅಷ್ಟರಲ್ಲಿ ನಕಲು ಮಾಡಿಕೊಳ್ಳಬೇಕು. ತಡಮಾಡಿದರೆ ಮತ್ತೆ ಜಿಗುಟು!

ಹಾಡು ಪೆಟ್ಟಿಗೆಯಲ್ಲೇ ಉಳಿಯಲು ಇನ್ನೊಂದು ಕಾರಣ ಕೋರ್ಟು. ಹಿಪ್‌ಹಾಪ್‌ನವರು ಹಳೆಯ ಹಾಡಿನ ತುಣುಕು ಕತ್ತರಿಸಿ ಬೀಟ್ ಮಾಡುತ್ತಾರಲ್ಲ, ಅದಕ್ಕೆ ಒಪ್ಪಿಗೆ ಬೇಕು. 1991ರಲ್ಲಿ ರ‍್ಯಾಪರ್ ಬಿಝ್ ಮಾರ್ಕಿ ಒಪ್ಪಿಗೆಯಿಲ್ಲದೆ ಗಿಲ್ಬರ್ಟ್ ಓಸಲಿವನ್‌ನ ಹಾಡಿನ ತುಣುಕು ಬಳಸಿ ಕೋರ್ಟು ಹತ್ತಿದ. ನ್ಯಾಯಾಧೀಶರು ತೀರ್ಪು ಶುರುಮಾಡಿದ್ದು ಯಾವ ಕಾನೂನಿನಿಂದಲೂ ಅಲ್ಲ, ಕದಿಯಬೇಡ ಅನ್ನುವ ಬೈಬಲ್ಲಿನ ಕಟ್ಟಳೆಯಿಂದ! ಬಿಝ್ ಸೋತ. ಸುಮ್ಮನಾದನಾ? 1993ರ ಅವನ ಮುಂದಿನ ಆಲ್ಬಮ್ಮಿನ ಹೆಸರು ಓದಿ: ‘ಆಲ್ ಸ್ಯಾಂಪಲ್ಸ್ ಕ್ಲಿಯರ್ಡ್!’ ಎಲ್ಲದಕ್ಕೂ ಒಪ್ಪಿಗೆ ತಗೊಂಡಿದ್ದೀನಪ್ಪಾ ಅಂತ!

ನಾಸ್‌ನ ಸಂಗ್ರಹದಲ್ಲೂ ‘ನೋ ಐಡಿಯಾಸ್ ಒರಿಜಿನಲ್’ ಅಂತ ಒಂದು ಹಾಡಿದೆ. ಯಾವ ಯೋಚನೆಯೂ ಸ್ವಂತದ್ದಲ್ಲ ಅಂತ ಅರ್ಥ. ಅದರ ಬೀಟ್ ಸ್ವಂತದ್ದಾ? ಅಲ್ಲ! 1973ರ ಬ್ಯಾರಿ ವೈಟ್ ಹಾಡಿನಿಂದ ತೆಗೆದದ್ದು. ಹೆಸರಿಗೆ ತಕ್ಕ ಹಾಡು! ಅದೂ ನಾಸ್ ಹುಟ್ಟಿದ ವರ್ಷದ್ದೇ.

ಈಗ ಬೇರೆ ಪೆಟ್ಟಿಗೆಗಳನ್ನೂ ತೆರೆಯೋಣ.

ರ‍್ಯಾಪರ್ ಟೂಪಾಕ್ ಶಕೂರ್ ಬದುಕಿದ್ದಾಗ ಬಂದ ಸ್ವಂತ ಆಲ್ಬಮ್ ನಾಲ್ಕು. 1996ರ ಸೆಪ್ಟೆಂಬರ್‌ನಲ್ಲಿ, 25ನೇ ವಯಸ್ಸಿಗೇ ಗುಂಡೇಟಿಗೆ ಸತ್ತ. ಸತ್ತ ಮೇಲೆ ಬಂದದ್ದು ಆರು! ಅವುಗಳಲ್ಲಿ ಮೂರು ಎರಡೆರಡು ಸಿಡಿಯವು. ಬದುಕಿದ್ದಕ್ಕಿಂತ ಹೆಚ್ಚು ಹಾಡಿದ್ದು ಸತ್ತಮೇಲೇ!

ಅವನು ಹಾಡು ಮುಗಿಸುತ್ತಿದ್ದ ವೇಗ ಕೇಳಿ. ಸತ್ತ ಎರಡು ತಿಂಗಳೊಳಗೆ ಹೊರಬಂದ ಆಲ್ಬಮ್ಮನ್ನು ಬರೆದು ಹಾಡಿ ಮುಗಿಸಿದ್ದು ಮೂರೇ ದಿನದಲ್ಲಿ, ಮಿಕ್ಸಿಂಗ್‌ಗೆ ನಾಲ್ಕು ದಿನ. ಒಟ್ಟು ಏಳು. ಆಲ್ಬಮ್ಮಿನ ಹೆಸರಲ್ಲೇ ಏಳು ದಿನ ಅಂತ ಬರೆದುಬಿಟ್ಟರು!

ಟೂಪಾಕ್‌ನ ಬಿಡುಗಡೆಯಾಗದ ಹಾಡುಗಳನ್ನು ಹೊರತರಲು ಅವನ ತಾಯಿ ಅಫೆನಿ ಶಕೂರ್ ಒಂದು ಕಂಪನಿಯನ್ನೇ ಕಟ್ಟಿದಳು. ಹೆಸರು ‘ಅಮಾರು’. ಅದು ಮಗನ ಹೆಸರಿನದ್ದೇ ತುಂಡು. ಪೆರುವಿನಲ್ಲಿ ಸ್ಪೇನಿನವರ ವಿರುದ್ಧ ದಂಗೆಯೆದ್ದು 1781ರಲ್ಲಿ ಪ್ರಾಣಕೊಟ್ಟ ಟೂಪಾಕ್ ಅಮಾರುವಿನ ಹೆಸರನ್ನು ಮಗನಿಗೆ ಇಟ್ಟಿದ್ದಳು. ಅಲ್ಲಿನ ಕೆಚುವಾ ನುಡಿಯಲ್ಲಿ ಅದರ ಅರ್ಥ ಹೊಳೆಯುವ ಸರ್ಪ. ನಮ್ಮ ನಾಗರಾಜ, ನಾಗೇಶರೆಲ್ಲ ಇವನಿಗೆ ಹೆಸರಲ್ಲೇ ನೆಂಟರು!

2004ರ ಟೂಪಾಕ್ ಆಲ್ಬಮ್ಮನ್ನು ಬಹುಪಾಲು ಮಾಡಿದ್ದು ಎಮಿನೆಮ್. ಹೊಸ ಬೀಟಿಗೆ ಹೊಂದಲಿ ಅಂತ ಸತ್ತವನ ದನಿಯ ವೇಗವನ್ನೇ ಹೆಚ್ಚುಕಡಿಮೆ ಮಾಡಿಬಿಟ್ಟ! ಹಳೇ ಅಭಿಮಾನಿಗಳು ಮುಖ ಸಿಂಡರಿಸಿದರು. ನನಗೂ ಕೆಲವು ಕಡೆ ಕಿವಿಗೆ ಕಲ್ಲು ಸಿಕ್ಕ ಹಾಗಾಗುತ್ತದೆ. ಆದರೆ ಅದರದೇ ‘ಘೆಟ್ಟೊ ಗಾಸ್ಪೆಲ್’ ಹಾಡು 2005ರಲ್ಲಿ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೇರಿತು. ಹಾಡಿದವ ಸತ್ತು ಸುಮಾರು ಒಂಬತ್ತು ವರ್ಷಕ್ಕೆ!

ಆ ಹಾಡಿನಲ್ಲಿ ಇನ್ನೊಂದು ದನಿ ಕೇಳುತ್ತದಲ್ಲ, ಅದು ಎಲ್ಟನ್ ಜಾನ್‌ದು. ತುಣುಕು ತೆಗೆದದ್ದು ಅವನ ‘ಇಂಡಿಯನ್ ಸನ್‌ಸೆಟ್’ ಹಾಡಿನಿಂದ. ಖುಷಿಪಡಬೇಡಿ, ಆ ಇಂಡಿಯನ್ ನಾವಲ್ಲ, ಅಮೆರಿಕದ ಮೂಲನಿವಾಸಿ! ಕೊಲಂಬಸ್ ಮಾಡಿದ ಎಡವಟ್ಟು ಹಾಡಿನೊಳಗೂ ಉಳಿದುಕೊಂಡಿದೆ.

ಬಾಡಿಗೆ ಕಟ್ಟದೆ ಬಿಟ್ಟುಹೋದ ಉಗ್ರಾಣದ ಸಾಮಾನನ್ನು ಅಮೆರಿಕದಲ್ಲಿ ಹಾಗೇ ಮಾರಿಬಿಡುತ್ತಾರೆ. 2012ರಲ್ಲಿ ಮಿಶಿಗನ್ ರಾಜ್ಯದ ಒಬ್ಬ ರೆಕಾರ್ಡ್ ಅಂಗಡಿಯವ ಹೀಗೆ ಸಾವಿರಾರು ಹಳೇ ರೆಕಾರ್ಡು ಕೊಂಡ. ಮನೆಗೆ ತಂದು ಕೆದಕಿದರೆ ನಡುವೆ ಹಳೆಯ ಟಪಾಲು ಕಾಗದ. ಮೇಲಿನ ವಿಳಾಸದ ಹೆಸರು ಜೇಮ್ಸ್ ಯಾನ್ಸಿ. ಅಂದರೆ ಜೆ ಡಿಲ್ಲಾ, ಹಿಪ್‌ಹಾಪ್ ಬೀಟಿನ ಗುರುಗಳ ಗುರು! ಜೊತೆಗೆ ಯಾರೂ ಕೇಳದ ಬೀಟುಗಳ ಟೇಪುಗಳು. ಅಂಗಡಿಯವ ಅದನ್ನು ತಾನೇ ನುಂಗಲಿಲ್ಲ, ಡಿಲ್ಲಾನ ತಾಯಿಗೆ ಸುದ್ದಿ ಮುಟ್ಟಿಸಿದ!

ಈ ಡಿಲ್ಲಾ ಹಾಡುಗಾರನಾಗಿ ಒಂದು ಆಲ್ಬಮ್ ಮಾಡಿದ್ದ. 2002ರ ಸುಮಾರಿಗೆ ಕಂಪನಿಯವರು ಅದನ್ನು ಅಟ್ಟ ಹತ್ತಿಸಿದರು. ಡಿಲ್ಲಾ 2006ರಲ್ಲಿ ತೀರಿಕೊಂಡ, 32ನೇ ಹುಟ್ಟುಹಬ್ಬ ಕಳೆದು ಮೂರೇ ದಿನಕ್ಕೆ. ಅಟ್ಟದ ಆ ಆಲ್ಬಮ್ ‘ದಿ ಡೈರಿ’ ಅಂತ ಕೊನೆಗೂ ಇಳಿದು ಬಂದದ್ದು 2016ರಲ್ಲಿ. ತಂದ ಕಂಪನಿ ಯಾರದ್ದು ಹೇಳಿ? ನಮ್ಮ ನಾಸ್ ಪಾಲುದಾರನಾಗಿರುವ ಮಾಸ್ ಅಪೀಲ್! ಕಳೆದುಹೋದ ಟೇಪಿನ ಸಂಕಟ ಇನ್ನೊಬ್ಬ ಕಳಕೊಂಡವನಿಗೇ ಗೊತ್ತು.

ಕೆಂಡ್ರಿಕ್ ಲಮಾರ್‌ನ ಕಥೆ ಬೇರೆ. 2016ರ ಫೆಬ್ರುವರಿಯಲ್ಲಿ ಗ್ರ್ಯಾಮಿ ವೇದಿಕೆಯಲ್ಲಿ ಕುಣಿದು ಹಾಡಿದ. ನೋಡುತ್ತಿದ್ದ ಬಾಸ್ಕೆಟ್‌ಬಾಲ್ ದೊರೆ ಲೆಬ್ರಾನ್ ಜೇಮ್ಸ್‌ಗೆ ತಡೆಯಲಾಗಲಿಲ್ಲ. ಪೆಟ್ಟಿಗೆಯಲ್ಲಿಟ್ಟಿರುವ ಹೆಸರಿಲ್ಲದ ಹಾಡುಗಳನ್ನೆಲ್ಲ ಬೇಗ ಬಿಡಿ ಅಂತ ಕಂಪನಿಯ ಮಾಲೀಕನಿಗೇ ಟ್ವೀಟ್ ಮಾಡಿದ. ಮಾರ್ಚ್ 4ಕ್ಕೆ ಆಲ್ಬಮ್ ಹಾಜರ್! ನಾವು ನಮ್ಮ ಬಡಾವಣೆಯ ನೀರಿನ ಬಗ್ಗೆ ಟ್ವೀಟ್ ಮಾಡಿದರೆ ಹೀಗಾಗುತ್ತಾ?

ಆ ಆಲ್ಬಮ್ಮಿನಲ್ಲಿ ಎಂಟು ಹಾಡು, 34 ನಿಮಿಷ. ಒಂದಕ್ಕೂ ಹೆಸರಿಲ್ಲ! ‘ಅನ್‌ಟೈಟಲ್ಡ್’, ಮುಂದೆ ನಂಬರು, ಮುಂದೆ ತಾರೀಕು. ಗುಜರಿ ಅಂಗಡಿಯ ಲೆಕ್ಕದ ಪುಸ್ತಕ ಇದ್ದ ಹಾಗೆ. ಮುಖಪುಟದಲ್ಲಿ ಚಿತ್ರವೂ ಇಲ್ಲ, ಬರೀ ಹಸಿರು. ಸೀದಾ ಒಂದನೇ ಸ್ಥಾನ!

ಅದರ ಏಳನೇ ಹಾಡಿನ ಬೀಟ್ ಮಾಡಿದವರಲ್ಲಿ ಒಬ್ಬ ಈಜಿಪ್ಟ್. ದೇಶ ಅಲ್ಲ, ಹುಡುಗ! ಗಾಯಕಿ ಅಲಿಶಿಯಾ ಕೀಸ್ ಮತ್ತು ಸ್ವಿಝ್ ಬೀಟ್ಸ್ ದಂಪತಿಯ ಮಗ. ವಯಸ್ಸು ಬರೀ ಐದು! ನಾವು ಆ ವಯಸ್ಸಲ್ಲಿ ತಟ್ಟೆ ಲೋಟ ಬಡಿದರೆ ಬೆನ್ನಿಗೆ ಬೀಳುತ್ತಿತ್ತು.

ಲಿಲ್ ವೇಯ್ನ್‌ನ ಹಾಡುಗಳು ಸೋರಿದಾಗ ಅವನೇನು ಮಾಡಿದ? ಅಳುತ್ತ ಕೂರಲಿಲ್ಲ. ಅವುಗಳಲ್ಲಿ ಕೆಲವನ್ನು ತಾನೇ 2007ರ ಕ್ರಿಸ್‌ಮಸ್ ದಿನ ಮಾರಾಟಕ್ಕಿಟ್ಟ. ಹೆಸರು ‘ದಿ ಲೀಕ್’! ಮರುವರ್ಷ ಬಂದ ಅಸಲಿ ಆಲ್ಬಮ್ ಒಂದೇ ವಾರದಲ್ಲಿ ಹತ್ತು ಲಕ್ಷ ದಾಟಿತು.

ಡಾ. ಡ್ರೇ ‘ಡೀಟಾಕ್ಸ್’ ಅನ್ನುವ ಆಲ್ಬಮ್ ತರುತ್ತೇನೆ ಅಂತ ಹತ್ತು ವರ್ಷಕ್ಕೂ ಮೇಲೆ ಆಸೆ ಹುಟ್ಟಿಸಿದ. 2015ರಲ್ಲಿ, ‘ಚೆನ್ನಾಗಿರಲಿಲ್ಲ, ಬಿಟ್ಟೆ’ ಅಂದುಬಿಟ್ಟ. ಇಷ್ಟೇ!

ನಾಸ್‌ನ ಎರಡನೇ ಪೆಟ್ಟಿಗೆ ‘ದಿ ಲಾಸ್ಟ್ ಟೇಪ್ಸ್ 2’ ತೆರೆದದ್ದು 2019ರ ಜುಲೈನಲ್ಲಿ, 17 ವರ್ಷ ಕಳೆದು. ಒಳಗೆ 16 ಹಾಡು. ನಡುವೆ ಬಂದ ನಾಲ್ಕು ಆಲ್ಬಮ್ಮುಗಳಲ್ಲಿ ಮಿಕ್ಕದ್ದು. ನನ್ನ ಕೇಳಿದರೆ ಮೊದಲನೆಯದೇ ಮೇಲು. ಎರಡನೆಯದರಲ್ಲಿ ಹಾಡಿಗಿಂತ ಬೀಟ್ ಮಾಡಿದವರ ಹೆಸರೇ ಭಾರ.

ಅದೇ ವರ್ಷ ನಾಸ್ ನಮ್ಮ ದೇಶದ ಚಿತ್ರಮಂದಿರಕ್ಕೂ ಬಂದಿದ್ದ, ನಿಮ್ಮ ಗಮನಕ್ಕೆ ಬಂತಾ? ಮುಂಬೈ ಗಲ್ಲಿಗಳ ರ‍್ಯಾಪ್ ಕುರಿತ ‘ಗಲ್ಲಿ ಬಾಯ್’ ಸಿನಿಮಾಕ್ಕೆ ಅವನು ಎಕ್ಸಿಕ್ಯುಟಿವ್ ಪ್ರೊಡ್ಯೂಸರ್! ಮುಂಬೈನ ಡಿವೈನ್, ನೇಝಿ, ರಣವೀರ್ ಸಿಂಗ್ ಜೊತೆ ಒಂದು ಹಾಡನ್ನೂ ಹಾಡಿದ. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಪಾಪ್‌ಕಾರ್ನ್ ತಿನ್ನುತ್ತ ಆ ಸಿನಿಮಾ ನೋಡಿದವರಲ್ಲಿ ಎಷ್ಟು ಮಂದಿಯ ಕಣ್ಣು ಆ ಹೆಸರಿನ ಮೇಲೆ ಬಿದ್ದಿತ್ತೋ!

ಇನ್ನು ಬಚ್ಚಿಟ್ಟ ಹಾಡುಗಳ ತಾತ. ವೂ-ಟ್ಯಾಂಗ್ ಕ್ಲ್ಯಾನ್ ತಂಡ ವರ್ಷಗಟ್ಟಲೆ ಗುಟ್ಟಾಗಿ 31 ಹಾಡು ಮಾಡಿತು. ಎಷ್ಟು ಪ್ರತಿ ಅಚ್ಚು ಹಾಕಿಸಿತು? ಒಂದು. ಪ್ರಪಂಚಕ್ಕೆಲ್ಲ ಒಂದೇ ಒಂದು! ಕೈಕೆಲಸದ ಬೆಳ್ಳಿಬಣ್ಣದ ಪೆಟ್ಟಿಗೆ, ಜೊತೆಗೆ ಚರ್ಮದ ಹೊದಿಕೆಯ 174 ಪುಟದ ಪುಸ್ತಕ. 2015ರಲ್ಲಿ ಔಷಧದ ಬೆಲೆ ಏರಿಸಿ ಊರೆಲ್ಲ ಬೈಸಿಕೊಂಡ ಉದ್ಯಮಿ ಮಾರ್ಟಿನ್ ಶ್ಕ್ರೆಲಿ 20 ಲಕ್ಷ ಡಾಲರ್ ಕೊಟ್ಟು ಕೊಂಡ. ಮುಂದೆ ವಂಚನೆ ಕೇಸಿನಲ್ಲಿ ಜೈಲಿಗೆ ಹೋದ. ಅಮೆರಿಕ ಸರ್ಕಾರ ಆಲ್ಬಮ್ಮನ್ನೇ ಜಪ್ತಿ ಮಾಡಿತು! 2021ರಲ್ಲಿ ಅದು ಕೈ ಬದಲಾಯಿಸಿದಾಗ ಹೊಸ ಮಾಲೀಕರು ತೆತ್ತದ್ದು 40 ಲಕ್ಷ ಡಾಲರ್.

ಈಗಿನ ಮಾಲೀಕರೂ ಅದನ್ನು ಅಂಗಡಿಗೆ ಬಿಡುವಂತಿಲ್ಲ. ಕರಾರಿನಲ್ಲಿ 88 ವರ್ಷದ ತಡೆ ಇದೆ, 2103ರವರೆಗೆ! ಅದಕ್ಕೆ 2024ರಲ್ಲಿ ಒಂದು ಚಮತ್ಕಾರ ಹೂಡಿದರು. ನೀವು ಒಂದು ಡಾಲರ್ ಕೊಟ್ಟರೆ ಬಿಡುಗಡೆ 88 ಸೆಕೆಂಡ್ ಹತ್ತಿರ ಬರುತ್ತದೆ ಅಂದರು. ಲೆಕ್ಕ ಹಾಕಿದೆ. ಒಂದು ವರ್ಷ ಕಳೆಯಲು ಸುಮಾರು 3 ಲಕ್ಷ 58 ಸಾವಿರ ಡಾಲರ್. ಪೂರಾ 79 ವರ್ಷ ಕಳೆಯಬೇಕೆಂದರೆ 2 ಕೋಟಿ 83 ಲಕ್ಷ! ಇದಕ್ಕಿಂತ ಕಾಯುವುದೇ ಅಗ್ಗ. ಮೊಮ್ಮಕ್ಕಳಿಗೆ ಹೇಳಿಡಿ.

ಸರಿ, ಇಲ್ಲಿಗೆ ಅಂಕಣ ಮುಗಿಯಿತು.

.

.

.

ಪುಟ ತಿರುಗಿಸಿಬಿಟ್ಟಿರಾ? ‘ದಿ ಲಾಸ್ಟ್ ಟೇಪ್ಸ್’ ಸಿಡಿಯೂ ಹೀಗೇ ಮಾಡುತ್ತದೆ! ಹನ್ನೊಂದನೇ ಹಾಡು ಮುಗಿದ ಮೇಲೆ ಸದ್ದಿಲ್ಲ. ಎದ್ದು ಪ್ಲೇಯರ್ ಆರಿಸಿದವರಿಗೆ ನಷ್ಟ. ಕೂತವರಿಗೆ ಸಿಗುವ ಹನ್ನೆರಡನೇ ಹಾಡು ‘ಫೀಟಸ್’. ಹಾಡುವವರು ಯಾರು? ಹೊಟ್ಟೆಯೊಳಗಿನ ಕೂಸು! ಅಪ್ಪ ಅಮ್ಮನ ಜಗಳ, ಹೊರಗಿನ ಗಲಾಟೆ ಎಲ್ಲ ಒಳಗಿಂದಲೇ ಕೇಳಿಸಿಕೊಂಡು ವರದಿ ಕೊಡುತ್ತದೆ. ಸುಭದ್ರೆಯ ಹೊಟ್ಟೆಯಲ್ಲಿ ಅಭಿಮನ್ಯು ಹೂಂಗುಟ್ಟಿದ ಹಾಗೆ!

ಆ ಹಾಡಿಗೆ ಇನ್ನೊಂದು ಹೆಸರು ‘ಬೆಲ್ಲಿ ಬಟನ್ ವಿಂಡೊ’, ಅಂದರೆ ಹೊಕ್ಕುಳ ಕಿಟಕಿ. ಅದೇ ಹೆಸರಿನಲ್ಲಿ ಗಿಟಾರ್ ಮಾಂತ್ರಿಕ ಜಿಮಿ ಹೆಂಡ್ರಿಕ್ಸ್ 1970ರ ಆಗಸ್ಟ್‌ನಲ್ಲಿ ಒಂದು ಹಾಡು ಹಾಡಿದ್ದ. ಅದರಲ್ಲೂ ಮಾತಾಡುವುದು ಹುಟ್ಟದ ಕೂಸೇ! ಮರುತಿಂಗಳೇ ಹೆಂಡ್ರಿಕ್ಸ್ ಸತ್ತ. ಹಾಡು ಹೊರಬಂದದ್ದು 1971ರಲ್ಲಿ, ಅವನು ಬಿಟ್ಟುಹೋದ ಟೇಪುಗಳನ್ನು ಕೆದಕಿದಾಗ!